ಅಳಿಯನ ಮಾತಿಗೆ ಮೊಳೆ

ಚಳಿ ಬಿಟ್ಟು, ಬಿಸಿಲು ಇನ್ನೂ ಕಾವೇರದ ದಿನಗಳು. ಬೆಳಗಿನ ಹತ್ತು ಗಂಟೆಯ ಹೊತ್ತು. ನೆಲದಡಿಯ ಕರೆಂಟಿನ ಕೇಬಲ್ಲು ಕುಯ್ದು ಸೇರಿಸುವ ಜಾಯಿಂಟರ್, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಗರಗಸ ತೊಡೆಯ ಮೇಲಿತ್ತು. ಕೆಳಗೆ, ಅಗೆಯುವವರು ಮರಳು ಸರಿಸಿದ ಜಾಗದಲ್ಲಿ, ಎರಡು ಕೇಬಲ್ಲುಗಳು ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದವರ ಹಾಗೆ ಬಿದ್ದಿದ್ದವು. ಒಂದು ಹಳೆಯದು, ಗೋಣಿ ಸುತ್ತಿ ಟಾರು ಬಳಿದದ್ದು. ಇನ್ನೊಂದು ಕರಿ ಪ್ಲಾಸ್ಟಿಕ್ ಹೊದಿಕೆಯದು, ಮುಂಗೈಗಿಂತ ದಪ್ಪ. ಬೀದಿಯಲ್ಲಿ ಹೊಸ ಚರಂಡಿ ಬರುವುದಿತ್ತು. ಅದಕ್ಕೆ ದಾರಿ ಬಿಡಲು ಕರಿಯದನ್ನು ಇಲ್ಲಿ ಕುಯ್ದು, ಒಂದು ತುಂಡು ಸೇರಿಸಿ, ಬಳಸಿಕೊಂಡು ಒಯ್ಯಬೇಕಿತ್ತು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವನು ಗುಂಡಿಗಿಳಿದು, ಮೊಣಕಾಲ ಕೆಳಗೆ ಗೋಣಿಚೀಲ ಹಾಸಿಕೊಂಡು, ಹೊದಿಕೆಗೆ ಮೊದಲ ಗೀರು ಎಳೆದಿರುತ್ತಿದ್ದ. ಇವತ್ತು ಕೂತಲ್ಲೇ ಕೂತಿದ್ದ. ಇವತ್ತು ಸಂಜೆ ಮಗಳನ್ನು ಅವಳ ಗಂಡನ ಮನೆಗೆ ಬಿಟ್ಟು ಬರುವುದೆಂದು ಅವನೇ ನಿಶ್ಚಯ ಮಾಡಿದ್ದ. ಆ ಗಂಡನೇ ಈ ಕೇಬಲ್ಲಿನ ತುದಿಯಲ್ಲಿ, ಸಬ್‌ಸ್ಟೇಷನ್ನಿನಲ್ಲಿ, ಆಪರೇಟರ್.

"ಏಳಪ್ಪಾ, ಲೈನ್ ಕ್ಲಿಯರ್ ಸಿಕ್ತು," ಎಂದು ರೇಡಿಯೋ ಬಂದ. ರೇಡಿಯೋ ಅವನ ಜೊತೆಗಾರ, ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಿದ್ದೆಯಲ್ಲಿ ಬಿಟ್ಟರೆ ಬಾಯಿಗೆ ಬೀಗವಿಲ್ಲದ್ದರಿಂದ ಆ ಹೆಸರು. ನಿದ್ದೆಯಲ್ಲೂ ಇಲ್ಲ ಎಂದು ಅವನ ಹೆಂಡತಿ ಹೇಳಿದ್ದುಂಟು. "ಕರೀದು ಬಂದ್ ಆಗಿದೆಯಂತೆ. ಶುರು ಮಾಡೋಣ, ಬಿಸಿಲೇರಿದ್ರೆ ನಾನು ಹಪ್ಪಳ ಆಗ್ತೀನಿ."

"ಯಾರು ಹೇಳಿದ್ದು?"

"ಇನ್ಯಾರು ಹೇಳ್ತಾರೆ. ನಿನ್ನ ಅಳಿಯ ದೇವ್ರು."

"ನನಗೆ ಯಾಕೆ ಹೇಳಲಿಲ್ಲ?"

ರೇಡಿಯೋ ಏನೋ ಹೇಳಲು ಬಾಯಿ ತೆರೆದು, ಅಪರೂಪಕ್ಕೆ, ಮುಚ್ಚಿಕೊಂಡ. ಅಗೆಯುವವರು ಗುದ್ದಲಿಗೆ ಆತುಕೊಂಡು ಬೇರೆಲ್ಲೋ ನೋಡಿದರು. ಮಗಳು ತವರಿಗೆ ಬಂದು ಕೂತದ್ದು ಎಲ್ಲರಿಗೂ ಗೊತ್ತಿತ್ತು. ಮನೆಯ ಮಾತು ಗೋಡೆ ದಾಟುವುದಕ್ಕೆ ಕಾಲು ಬೇಕಾಗಿಲ್ಲ.

ಕೇಬಲ್ಲನ್ನು ಮುಟ್ಟಿ ಅದರಲ್ಲಿ ಜೀವ ಇದೆಯೋ ಇಲ್ಲವೋ ಹೇಳುವ ಹಾಗಿಲ್ಲ. ಬೀದಿಯ ದೀಪ ನೋಡಿ ಹೇಳುವ ಹಾಗೂ ಇಲ್ಲ. ಒಂದು ಕಡೆ ಬಂದ್ ಮಾಡಿದರೆ ಇನ್ನೊಂದು ಕಡೆಯಿಂದ ಬರುವಂತೆ ಕಟ್ಟಿರುತ್ತಾರೆ, ಯಾರ ಮನೆಯ ಫ್ಯಾನೂ ನಿಲ್ಲುವುದಿಲ್ಲ. ಮೇಲೆ ಕರಿ ಸಿಪ್ಪೆ, ಅದರೊಳಗೆ ಉಕ್ಕಿನ ಪಟ್ಟಿ, ಅದರೊಳಗೆ ತಾಮ್ರದ ಹಾಳೆ, ಅದರೊಳಗೆ ಹಾಲಿನ ಬಣ್ಣದ ಗಟ್ಟಿ ಹೊದಿಕೆ, ನಟ್ಟನಡುವೆ ಅಲ್ಯೂಮಿನಿಯಂ ಎಳೆ. ಹೊದಿಕೆ ಚೆನ್ನಾಗಿದ್ದಷ್ಟೂ ಒಳಗಿನ ಸುದ್ದಿ ಹೊರಗೆ ಬರುವುದಿಲ್ಲ, ಅದಕ್ಕೇ ಅಲ್ಲವೆ ಹೊದಿಕೆ ಹಾಕುವುದು. ಹಾಗಾಗಿ ಈ ಕಸುಬಿನಲ್ಲಿ ಕಣ್ಣಿಗಿಂತ, ಕೈಗಿಂತ, ಇನ್ನೊಬ್ಬನ ಬಾಯಿ ದೊಡ್ಡದು. ಬಂದ್ ಮಾಡಿದವನು ತನ್ನ ಬಾಯಲ್ಲೇ, ಕುಯ್ಯುವವನ ಕಿವಿಗೇ ಹೇಳಬೇಕು: ಆರಿಸಿದೆ, ನೆಲಕ್ಕೆ ಕಟ್ಟಿದೆ, ಬೀಗ ನನ್ನದು. ಉಳಿದ ಕರೆಂಟು ನೆಲಕ್ಕಿಳಿಯುವಂತೆ ತಂತಿ ಕಟ್ಟಿ, ಯಾರೂ ಮತ್ತೆ ಹಾಕದಂತೆ ಸ್ವಿಚ್ಚಿಗೆ ಬೀಗ ಜಡಿದಿದ್ದೇನೆ ಎಂದರ್ಥ. ಮದುವೆಯ ಮಂತ್ರ ಮರೆತವರೂ ಇದನ್ನು ಮರೆಯುವುದಿಲ್ಲ. ಅಷ್ಟಾದ ಮೇಲೂ ನಂಬಿಕೆ ಸಾಲದಿದ್ದರೆ ಮೊಳೆ ಇದೆ. ಕಬ್ಬಿಣದ ಹಿಡಿಕೆಯೊಂದನ್ನು ಕೇಬಲ್ಲಿಗೆ ಕಚ್ಚಿಸಿ, ಮದ್ದಿನ ತೋಟಾ ತುಂಬಿ, ದೂರ ನಿಂತು ಹಗ್ಗ ಎಳೆದರೆ ಉಕ್ಕಿನ ಮೊಳೆ ಅಷ್ಟೂ ಹೊದಿಕೆಯನ್ನು ತೂರಿಕೊಂಡು ಒಳಗಿನ ಎಳೆಗೆ ಹೋಗಿ ಕೂರುತ್ತದೆ. ಸತ್ತ ಕೇಬಲ್ಲಾದರೆ 'ಧಬ್' ಎನ್ನುತ್ತದೆ, ಅಷ್ಟೆ. ಜೀವ ಇದ್ದರೆ ಗುಂಡಿಯೇ ಹೊತ್ತಿಕೊಳ್ಳುತ್ತದೆ, ಆದರೆ ಹೊತ್ತಿಕೊಳ್ಳುವುದು ಮನುಷ್ಯನಲ್ಲ. ಪ್ರತಿ ಸಲವೂ ಮೊಳೆ ಹೊಡೆಯಲೇಬೇಕೆಂದು ಆಫೀಸಿನ ಕಟ್ಟಳೆ. ಆದರೆ ಗುಂಡಿಯ ಕಟ್ಟಳೆ ಬೇರೆ. ಹೊಸಬರಿಗೆ, ಕುಡಿಯುವವರಿಗೆ, ಮರೆವಿನವರಿಗೆ ಮೊಳೆ. ಮಾತಿಗೆ ನಿಂತವನಿಗೆ ಮೊಳೆ ಹೊಡೆದರೆ ಮುಖಕ್ಕೆ ಹೊಡೆದ ಹಾಗೆ. ಮೊಳೆ ಹೊಡೆದಲ್ಲಿ ನೆಂಟಸ್ತನ ಇಲ್ಲ ಎಂದೇ ಅವರಲ್ಲಿ ಗಾದೆ.

ಅಳಿಯನ ಮಾತಿಗೆ ಅವನು ಯಾವತ್ತೂ ಮೊಳೆ ಹೊಡೆದವನಲ್ಲ. ಅಳಿಯ ಆಗುವುದಕ್ಕೆ ಮುಂಚಿನಿಂದಲೂ ಇಲ್ಲ. ಆಗ ಆ ಹುಡುಗ ಸ್ಟೇಷನ್ನಿಗೆ ಹೊಸದಾಗಿ ಬಂದ ಮೌನದ ಆಪರೇಟರ್, ಫೋನಿನಲ್ಲಿ ಬೇರೆ ಒಂದು ಅಕ್ಷರ ಇಲ್ಲ, ಮೂರು ಮಾತು, ಕಟ್. ಮೊದಲ ಸಲ ಆ ದನಿ ಕೇಳಿದಾಗಲೇ ಜಾಯಿಂಟರ್ ಮೊಳೆಯ ಪೆಟ್ಟಿಗೆ ತೆರೆಯದೆ ಗರಗಸ ಹಿಡಿದಿದ್ದ. ರೇಡಿಯೋ ಬೈದಿದ್ದ. ಆಮೇಲೆ ಮಗಳಿಗೆ ಗಂಡು ಹುಡುಕುವ ಮಾತು ಬಂದಾಗ ಹೆಂಡತಿ, ಹುಡುಗನ ಗುಣ ಹೇಗೋ ಏನೋ ಎಂದಿದ್ದಳು. "ಅವನ ಮಾತಿನ ಮೇಲೆ ಕೈ ಇಟ್ಟು ಕುಯ್ದಿದೀನಿ ಕಣೇ, ಇನ್ನೇನು ನೋಡ್ಬೇಕು," ಎಂದು ಇವನು ಅಂದದ್ದು. ಅದಕ್ಕಿಂತ ದೊಡ್ಡ ವಿಚಾರಣೆ ಇದೆಯೆಂದು ಅವನಿಗೆ ಹೊಳೆಯಲೇ ಇಲ್ಲ. ಮದುವೆಯಾದ ಮೇಲೆ ಅಳಿಯನನ್ನು 'ನೀವು' ಅನ್ನಬೇಕಾಗಿ ಬಂದು ನಾಲಗೆ ಸ್ವಲ್ಪ ದಿನ ತೊಡರಿತು. ಮನೆಯಲ್ಲಿ ನೀವು, ಕೆಲಸದಲ್ಲಿ ನೀನು ಎಂದು ಕೊನೆಗೆ ಹೊಂದಿಸಿಕೊಂಡ. ಹೊಂದಿಸಿಕೊಂಡದ್ದು ತಾನೊಬ್ಬನೇ ಎಂದು ಈಗ ಅನ್ನಿಸುತ್ತದೆ. ಮಗಳು ಗಂಡನ ಮನೆ ಬಿಟ್ಟು ಬಂದು ಬಾಗಿಲಲ್ಲಿ ನಿಂತ ದಿನ ಅವನು ಹಲ್ಲುಜ್ಜುತ್ತಿದ್ದ. ಬಾಯಲ್ಲಿ ನೊರೆ ಇಟ್ಟುಕೊಂಡೇ, ಒಬ್ಬಳೇ ಬಂದ್ಯಾ ಎಂದು ಕೇಳಿದ್ದ. ಅವಳು ನಕ್ಕಿದ್ದಳು. ಒಬ್ಬಳೇ ಇರೋದು ಅಭ್ಯಾಸ ಆಗಿದೆ ಅಪ್ಪ, ಅಂದಿದ್ದಳು.

ಊಟದ ಹೊತ್ತಿಗೆ ಹೇಳಿದಳು. ಡ್ಯೂಟಿ ಇದೆ ಎಂದು ಹೋಗುತ್ತಾರೆ, ಡ್ಯೂಟಿ ಇರುವುದಿಲ್ಲ. ಒಂದು ದಿನ ಬುತ್ತಿ ಮರೆತು ಹೋದರೆಂದು ಸ್ಟೇಷನ್ನಿಗೆ ಒಯ್ದಿದ್ದಳು. ಇವತ್ತು ಅವರಿಗೆ ರಜಾ ಅಲ್ವೇನಮ್ಮ ಎಂದಿದ್ದ ಕಾವಲಿನವನು. ಸಂಜೆ ಬಂದವರು, ಕೆಲಸ ಜಾಸ್ತಿ ಇತ್ತು ಎಂದರು. ಮತ್ತೊಂದು ದಿನ ಹಿಂದೆಯೇ ಹೋದಳು. ಹೋಗಿ ನೋಡಿದರೆ ಬಸ್ ಸ್ಟ್ಯಾಂಡ್. ಅಲ್ಲಿ ಬೆಂಚಿನ ಮೇಲೆ, ಎರಡು ಕೈ ಮಂಡಿಯ ಮೇಲಿಟ್ಟುಕೊಂಡು, ಬಂದುಹೋಗುವ ಬಸ್ಸುಗಳನ್ನು ನೋಡುತ್ತಾ ಕೂತಿದ್ದರು. "ಯಾರಿಗಾದ್ರೂ ಕಾಯ್ತಿದ್ರೆ ಆಗೋದಪ್ಪ. ಇನ್ನೊಬ್ಬಳು ಇದ್ದಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಯಾರೂ ಇಲ್ಲ. ಮನೆಗೆ ಬರೋದಕ್ಕಿಂತ ಅದು ಮೇಲು ಅಂತ ಕೂತಿರ್ತಾರೆ. ಬೆಂಚಿನ ಹತ್ರ ನಾನು ಏನಂತ ಜಗಳ ಆಡ್ಲಿ?"

ಅವನು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. ಆದರೆ ಬಾಯಿಂದ ಬಂದದ್ದು ಬೇರೆ. "ಅವನು ಸುಳ್ಳು ಹೇಳೋ ಮನುಷ್ಯ ಅಲ್ಲ." ಮಗಳು ಅವನ ಮುಖ ನೋಡಿದಳು. "ಹಾಗಾದ್ರೆ ನಾನು?" ಅವನು ನೀರು ಕುಡಿದ. ಅವಳು ಅರ್ಧ ಊಟದ ತಟ್ಟೆ ಎತ್ತಿಕೊಂಡು ಹೋಗಿ ತೊಳೆದು, ಒರೆಸಿ, ಬೋರಲು ಹಾಕಿದಳು. ಬೇರೆಯವರ ಮನೆಯಲ್ಲಿ ಉಂಡವರು ಮಾಡುವ ಹಾಗೆ, ಎರಡು ಸಲ ಒರೆಸಿ. ಅವತ್ತಿನಿಂದ ಅಪ್ಪನ ಎದುರಿಗೆ ಆ ಮಾತು ಎತ್ತಲಿಲ್ಲ. ಹೋಗು ಎಂದರೆ ಹೋಗುತ್ತೇನೆ ಎಂದಳು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ಅವನಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಯೋಚಿಸಿದರೆ ಲೆಕ್ಕ ಸರಳವಿತ್ತು: ಅವಳು ಹೇಳಿದ್ದು ನಿಜವಾದರೆ ಅವನು ಇಷ್ಟು ವರ್ಷ ಸುಳ್ಳುಗಾರನ ಮಾತಿನ ಮೇಲೆ ಕೈ ಇಟ್ಟಿದ್ದ. ಕೈ ಇನ್ನೂ ಇದೆ. ಆದ್ದರಿಂದ ಅವಳು ಹೇಳಿದ್ದು ನಿಜವಲ್ಲ. ತನ್ನ ಎರಡು ಕೈಯನ್ನೂ ಅವನು ಮಗಳ ವಿರುದ್ಧ ಸಾಕ್ಷಿ ನಿಲ್ಲಿಸಿದ್ದ.

"ಕೂತು ಕೇಬಲ್ಲಿಗೆ ಜಾತಕ ನೋಡ್ತಿದೀಯೇನು?" ಎಂದ ರೇಡಿಯೋ. ಅವನು ಎದ್ದು ಗುಂಡಿಗಿಳಿದ. ಮರಳು ತಣ್ಣಗಿತ್ತು. ಕರಿಯ ಹೊದಿಕೆಯ ಮೇಲೆ ಅಂಗೈ ಇಟ್ಟ. ನೆಲದ ತಂಪು, ಪ್ಲಾಸ್ಟಿಕ್ಕಿನ ನುಣುಪು, ಬೇರೇನೂ ಇಲ್ಲ. ಪಕ್ಕದ ಗೋಣಿಯದರ ಮೇಲೆ ಇಟ್ಟ. ಅದರಲ್ಲಿ ಊರಿನ ಅರ್ಧ ಆಸ್ಪತ್ರೆಯ ಕರೆಂಟು ಹರಿಯುತ್ತಿತ್ತು, ಅದೂ ಹಾಗೆಯೇ ಇತ್ತು. ಸ್ಟೇಷನ್ನಿನಲ್ಲಿ ಎರಡರ ಸ್ವಿಚ್ಚಿನ ಹಿಡಿಕೆಗಳೂ ಒಂದೇ ಸಾಲಿನಲ್ಲಿ, ಮಗ್ಗುಲಿನಲ್ಲೇ ಇರುತ್ತವೆ. ಮನಸ್ಸು ಬೇರೆಲ್ಲೋ ಇರುವವನ ಕೈ ಒಂದು ಗೇಣು ಆಚೆ ಹೋದರೆ ಸಾಕು. ಗರಗಸ ಹಿಡಿದ. ಹಲ್ಲು ಹೊದಿಕೆಗೆ ತಾಗಿಸಿದ. ಹಿಂದೊಮ್ಮೆ ಬೇರೆ ಗುಂಪಿನವನೊಬ್ಬ ಮೂರನೆಯವರ ಬಾಯಿಂದ ಬಂದ ಮಾತು ನಂಬಿ ಕುಯ್ದಿದ್ದ. ಇವನು ಹೋಗುವ ಹೊತ್ತಿಗೆ ಗುಂಡಿಯಲ್ಲಿ ಒಂದು ಚಪ್ಪಲಿ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ, ಹೊಸದರ ಹಾಗೇ ಇತ್ತು. ಗರಗಸ ಕೆಳಗಿಟ್ಟು ಜೇಬಿನಿಂದ ಫೋನ್ ತೆಗೆದ.

ಬಹಳ ಹೊತ್ತು ಹೊಡೆದುಕೊಂಡ ಮೇಲೆ ಅಳಿಯ ಎತ್ತಿದ. "ಹೇಳಿ ಮಾವ."

"ನೀನು ಹೇಳು."

"ರೇಡಿಯೋಗೆ ಹೇಳಿದೀನಲ್ಲ."

"ಕುಯ್ಯೋನು ರೇಡಿಯೋ ಅಲ್ಲ."

 ಆಮೇಲೆ ಅದೇ ಹಳೆಯ ದನಿ, ಏರಿಳಿತ ಇಲ್ಲದ್ದು: "ಆರ್ಸಿದೀನಿ. ನೆಲಕ್ಕೆ ಕಟ್ಟಿದೀನಿ. ಬೀಗ ನಂದು." ಕಿವಿಗೆ ಎಣ್ಣೆ ಬಿಟ್ಟ ಹಾಗಾಯಿತು. ಎಷ್ಟು ಬೇಗ ಮೈ ಸಡಿಲಾಯಿತೆಂದರೆ, ಸಂಜೆ ಮಗಳನ್ನು ಕರೆದುಕೊಂಡು ಹೋಗುವಾಗ ಏನು ಮಾತಾಡಬೇಕು ಎನ್ನುವುದೂ ಮನಸ್ಸಿನಲ್ಲಿ ಮೂಡಿತು. ಸರಿ ಎಂದು ಇಡಬೇಕು, ಅಷ್ಟರಲ್ಲಿ ಅಳಿಯನ ದನಿಯ ಹಿಂದೆ, ಮೈಕಿನಲ್ಲಿ, ಹೆಂಗಸಿನ ದನಿಯೊಂದು ಶುರುವಾಯಿತು. ಊರುಗಳ ಹೆಸರನ್ನು ಒಂದರ ಹಿಂದೆ ಒಂದು, ಯಾರ ಮೇಲೂ ಪ್ರೀತಿಯಿಲ್ಲದೆ ಯಾರ ಮೇಲೂ ಕೋಪವಿಲ್ಲದೆ ಓದುವ ದನಿ. ಇಂತಲ್ಲಿಗೆ ಹೋಗುವ ಬಸ್ಸು ಇಂತಹ ಅಂಕಣದಲ್ಲಿ ನಿಂತಿದೆ, ಪ್ರಯಾಣಿಕರು ಗಮನಿಸಬೇಕು.

"ಎಲ್ಲಿದೀಯ?" ಎಂದ ಜಾಯಿಂಟರ್.

"ಸ್ಟೇಷನ್ನಲ್ಲೇ."

ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದ, ಅಲ್ಲಿ ಏನೋ ಬರೆದಿದೆ ಎಂಬಂತೆ. ಮೈಕಿನ ದನಿ ಅಂಗೈಯೊಳಗೆ ಸಣ್ಣಗೆ ಇನ್ನೂ ಊರುಗಳನ್ನು ಓದುತ್ತಿತ್ತು. ಸಬ್‌ಸ್ಟೇಷನ್ನಿನ ಹತ್ತಿರ ಬಸ್ಸು ಓಡಾಡುವುದಿಲ್ಲವೆ, ಹಾರ್ನ್ ಕೇಳಿಸುವುದಿಲ್ಲವೆ ಎಂದು ಮನಸ್ಸು ಅಳಿಯನ ಪರ ವಾದ ಹೂಡಿತು. ಹಾರ್ನ್ ಸರಿ. ಅಂಕಣ ಎಲ್ಲಿಂದ ಬರಬೇಕು? ಹಾಗಾದರೆ ಬೆಂಚು ಇದೆ. ಮಂಡಿಯ ಮೇಲೆ ಇಟ್ಟ ಕೈಗಳು ಇವೆ. ಅವಳು ಹಿಂದೆ ಹಿಂದೆ ನಡೆದು ಹೋದದ್ದು, ಕಂಬದ ಮರೆಯಲ್ಲಿ ನಿಂತದ್ದು, ತಿರುಗಿ ಒಬ್ಬಳೇ ಮನೆಗೆ ಬಂದು ಬಾಗಿಲು ತೆಗೆದದ್ದು, ಎಲ್ಲ ಇದೆ. ಅದನ್ನೆಲ್ಲ ಹೇಳಿ ಅವಳು ತಟ್ಟೆ ತೊಳೆದು ಬೋರಲು ಹಾಕಿದ್ದಳು. ಗುಂಡಿಯ ಗೋಡೆಯಿಂದ ಮಣ್ಣಿನ ಹೆಂಟೆಯೊಂದು ಕಳಚಿ ಕೇಬಲ್ಲಿನ ಮೇಲೆ ಬಿತ್ತು. ಅವನು ಬೆಚ್ಚಿ ಕೈ ಹಿಂದಕ್ಕೆ ತೆಗೆದ. ಬೆಚ್ಚಿದ್ದನ್ನು ಅಗೆಯುವವರು ನೋಡಿದರು.

"ಮೊಳೆ ಇಳಿಸು," ಎಂದ.

ರೇಡಿಯೋ ಕೆಳಗೆ ಬಗ್ಗಿದ. "ಯಾರಿಗೆ?"

"ಈ ಕೇಬಲ್ಲಿಗೆ."

"ಕೇಬಲ್ಲಿಗೋ, ಮಾತಿಗೋ? ಲೋ, ಯೋಚನೆ ಮಾಡು. ಸಾಯಂಕಾಲ ಅದೇ ಮನೆ ಹೊಸ್ತಿಲು ತುಳಿಬೇಕು ನೀನು. ಬೀಗರ ಮನೆಗೆ ಮೊಳೆ ಹೊಡ್ಕೊಂಡು ಹೋಗೋರುಂಟಾ?"

"ಇಳಿಸು ಅಂದೆ."

ಪೆಟ್ಟಿಗೆಯ ಚಿಲಕ ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ತಟ್ಟಿ ತೆಗೆಯಬೇಕಾಯಿತು. ಹಿಡಿಕೆ ಕಚ್ಚಿಸುವಾಗ ಅವನ ಬೆರಳುಗಳು ಮೊದಲ ದಿನದ ಕೆಲಸಗಾರನ ಬೆರಳುಗಳಾಗಿದ್ದವು; ತಿರುಪು ಎರಡು ಸಲ ಜಾರಿತು. ತೋಟಾ ತುಂಬಿದ. ಹಗ್ಗ ಬಿಚ್ಚಿಕೊಂಡು ಗುಂಡಿ ಹತ್ತಿ ಬರುವಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಎಲ್ಲಿದೀಯ ಎಂದು ಮಾವ ಕೇಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲವೋ ಏನೋ, ಅಳಿಯ ಇಳಿದು, ಸ್ಕೂಟರಿಗೆ ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿ, ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ ಕ್ರಾಪು. ಕೆಟ್ಟವನ ಲಕ್ಷಣ ಒಂದೂ ಇಲ್ಲ. ಹಗ್ಗ ನೋಡಿದ. ಅದರ ಜಾಡು ಹಿಡಿದು ಅವನ ಕಣ್ಣು ಗುಂಡಿಯೊಳಗೆ ಇಳಿಯಿತು.

"ಇದ್ಯಾಕೆ ಮಾವ? ನಾನು ಹೇಳಿದೀನಲ್ಲ."

"ಕೇಳಿಸ್ಕೊಂಡೆ. ಎಲ್ಲಿಂದ ಬಂದೆ?"

"ಸ್ಟೇಷನ್ನಿಂದ." ಸ್ಕೂಟರ್ ಬಂದದ್ದು ಇನ್ನೊಂದು ದಿಕ್ಕಿನಿಂದ. ಎಲ್ಲರೂ ನೋಡಿದ್ದರು. ಒಬ್ಬ ಅಗೆಯುವವನು ಕೆಮ್ಮಿದ.

"ಸರಿ. ಹಿಂದೆ ನಿಂತ್ಕೋ."

ಹಗ್ಗ ಎಳೆಯುವ ಮುಂಚಿನ ಆ ಗಳಿಗೆಯಲ್ಲಿ ಅವನಿಗೆ ಒಂದು ಹೊಲಸು ಆಸೆ ಬಂತು. ಹೊತ್ತಿಕೊಳ್ಳಲಿ. ಗುಂಡಿ ಹೊತ್ತಿಕೊಂಡು ಬೀದಿಯ ಜನವೆಲ್ಲ ಹೊರಗೆ ಬರಲಿ. ಆಗ ಎಲ್ಲ ತಾನಾಗಿ ತಿಳಿಯಾಗುತ್ತದೆ, ಸುಳ್ಳುಗಾರ ಸುಳ್ಳುಗಾರನಾಗುತ್ತಾನೆ, ಮಗಳು ಮಗಳಾಗುತ್ತಾಳೆ, ತಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವ ಗೋಣಿಯದರ ಪಕ್ಕದಲ್ಲೇ ಅಂಥ ಆಸೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಳೆದ.

ಧಬ್.

ಅಷ್ಟೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಮ್ಮೆ ಬಡಿದ ಹಾಗೆ. ಸ್ವಲ್ಪ ಹೊಗೆ ಎದ್ದು, ತೋಟಾದ ವಾಸನೆ ಮೂಗಿಗೆ ಬಂದು ಹೋಯಿತು. ಕೇಬಲ್ಲು ಸತ್ತಿತ್ತು. ಹೇಳಿದ ಹಾಗೇ, ಆರಿಸಿ, ನೆಲಕ್ಕೆ ಕಟ್ಟಿ, ಬೀಗ ಹಾಕಿ, ಸತ್ತಿತ್ತು. ರೇಡಿಯೋ ಉಸಿರು ಬಿಟ್ಟು, "ನೆಂಟಸ್ತನಾನೂ ಹೋಯ್ತು, ತೋಟಾನೂ ಹೋಯ್ತು," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಅಳಿಯ ಗೆದ್ದವನ ಹಾಗೆ ಕಾಣಲಿಲ್ಲ. ಜೇಬಿಗೆ ಕೈ ಹಾಕಿ, ಕೆಂಪು ದಾರ ಕಟ್ಟಿದ ಬೀಗದ ಕೈ ತೆಗೆದು ಅಂಗೈಯಲ್ಲಿ ಹಿಡಿದ. "ಇದು ನನ್ನ ಹತ್ರಾನೇ ಇತ್ತು ಮಾವ. ಇನ್ಯಾರೂ ಆನ್ ಮಾಡೋ ಹಾಗಿಲ್ಲ. ಕೇಬಲ್ ವಿಷಯದಲ್ಲಿ ನಾನು ಯಾವತ್ತಾದ್ರೂ..."

"ಇಲ್ಲ."

"ಮತ್ತೆ?"

ಜಾಯಿಂಟರ್ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಇನ್ನೂ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ: "ಫೋನಲ್ಲಿ ಮೈಕು ಕೇಳಿಸ್ತು."

ಅಳಿಯ ಬೀಗದ ಕೈಯ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಬೀಗ ಹಾಕಿದ ಮೇಲೆ ಅಲ್ಲಿ ಕೂತು ಏನು ಮಾಡ್ಲಿ," ಎಂದ ಕೊನೆಗೆ. "ಅಲ್ಲಿ ಯಾರೂ ಏನೂ ಕೇಳಲ್ಲ ಮಾವ. ಬಸ್ಸು ಬರುತ್ತೆ, ಜನ ಇಳೀತಾರೆ, ಹತ್ತುತಾರೆ. ಕೂತಿರಬಹುದು."

"ಅವಳಿಗೆ ಹೇಳ್ಬೇಕಿತ್ತು."

"ಏನಂತ?"

ಜಾಯಿಂಟರ್ ಹಗ್ಗದ ಸುರುಳಿಗೆ ಗಂಟು ಹಾಕಿದ. ಇಷ್ಟು ವರ್ಷ ಈ ಮನುಷ್ಯನನ್ನು ಮೂರು ಮಾತಿನಲ್ಲಿ ತಿಳಿದುಕೊಂಡಿದ್ದ, ನಾಲ್ಕನೆಯದನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. "ಇವತ್ತು ಸಂಜೆ ನಾವು ಬರಲ್ಲ," ಎಂದ. ನಾವು ಎಂದದ್ದು ತಾನೂ ಮಗಳೂ ಎಂದು. ಅಳಿಯ ತಲೆ ಆಡಿಸಿ, ಸ್ಟೇಷನ್ನಿನ ದಿಕ್ಕಿಗೆ ಸ್ಕೂಟರ್ ತಿರುಗಿಸಿಕೊಂಡು ಹೋದ. ಜಾಯಿಂಟರ್ ಗುಂಡಿಗಿಳಿದು, ಮೊಳೆ ಕಿತ್ತು, ಆ ತೂತಿನ ಮೇಲೇ ಗರಗಸ ಇಟ್ಟು ಕುಯ್ದ. ಸಂಜೆಯವರೆಗೆ ಹೊದಿಕೆಗಳನ್ನು ಒಂದೊಂದಾಗಿ ಬಿಡಿಸಿ, ಎಳೆಗಳನ್ನು ಸೇರಿಸಿ, ಮತ್ತೆ ಒಂದೊಂದಾಗಿ ಹೊದಿಸಿದ. ಕೈ ತನ್ನ ಕೆಲಸ ತಪ್ಪಲಿಲ್ಲ.

ಮನೆಗೆ ಬಂದಾಗ ಮಗಳು ಹೊರಟು ಸಿದ್ಧಳಾಗಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೆಂಡತಿ ಒಳಗೆ ಏನೋ ಕಾಯಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಒರೆಸಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿ, "ಇವತ್ತು ಮೊಳೆ ಹೊಡೆದೆ," ಎಂದ.

ಆ ಮನೆಯಲ್ಲಿ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಹೆಂಡತಿ ಬಾಗಿಲಿಗೆ ಬಂದಳು. "ಅಳಿಯಂದಿರ ಮಾತಿಗಾ?"

"ಹ್ಞೂ."

"ಜೀವ ಇತ್ತಾ?" ಎಂದಳು ಮಗಳು.

"ಇಲ್ಲ. ಸತ್ತಿತ್ತು. ಅವನು ಸರಿಯಾಗೇ ಹೇಳಿದ್ದ."

"ಮತ್ತೆ ಯಾಕೆ ಹೊಡೆದೆ?"

ಅವನು ಮೈಕಿನ ವಿಷಯ ಹೇಳಿದ. ಅಂಕಣ, ಊರುಗಳ ಹೆಸರು, 'ಸ್ಟೇಷನ್ನಲ್ಲೇ' ಎಂದದ್ದು. ಹೇಳುತ್ತಾ ಹೇಳುತ್ತಾ ದನಿಯಲ್ಲಿ ಒಂದು ಉತ್ಸಾಹವೇ ಬಂತು, ಅವಳಿಗೆ ಏನೋ ತಂದುಕೊಟ್ಟವನ ಹಾಗೆ. "ನೀನು ಹೇಳಿದ್ದು ನಿಜ ಕಣಮ್ಮ. ನೀನು ಅಲ್ಲಿಗೆ ಹೋಗೋದು ಬೇಡ. ಇಲ್ಲೇ ಇರು. ಯಾರು ಏನಂದ್ರೂ ನಾನಿದೀನಿ."

ಮಗಳು ಕುರ್ಚಿಯಿಂದ ಎದ್ದಳು. ಅವಳಿಗೆ ಕೋಪ ಬಂದಿರಲಿಲ್ಲ; ಕೋಪ ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ನಾನು ಹೇಳಿದಾಗ ನೀನು ನೀರು ಕುಡಿದೆ ಅಪ್ಪ," ಎಂದಳು. "ಮೈಕು ಹೇಳಿದಾಗ ನಂಬಿದೆ."

ಹೆಂಡತಿ, ಬಿಡೇ, ದೊಡ್ಡವರು, ಈಗ ನಂಬಿದಾರಲ್ಲ ಎಂದಳು. ಮಗಳು, ಹೌದಮ್ಮ, ಒಳ್ಳೇದಾಯ್ತು ಎಂದಳು. ಆ ರಾತ್ರಿ ಮೂವರೂ ಒಟ್ಟಿಗೆ ಕೂತು ಉಂಡರು. ಅವಳು ಪೂರ್ತಿ ಊಟ ಮಾಡಿದಳು, ಅಮ್ಮನ ಜೊತೆ ಯಾವುದೋ ಮಾತಿಗೆ ನಕ್ಕಳು ಕೂಡ. ಅವನು ಏನು ಬಡಿಸಲು ಹೋದರೂ ಸಾಕಪ್ಪ ಎಂದಳು, ಮೃದುವಾಗಿ, ಒಂದು ಕೂದಲೆಳೆಯಷ್ಟೂ ಸಂದು ಸಿಗದ ಹಾಗೆ. ಮಾರನೆಯ ದಿನದಿಂದ ಕೆಲಸ ಕೇಳಿಕೊಂಡು ಓಡಾಡಿದಳು. ರಕ್ತ ಪರೀಕ್ಷೆ ಮಾಡುವ ಕಡೆ ಮೊದಲು ಅವಳು ಕೆಲಸಕ್ಕೆ ಇದ್ದದ್ದುಂಟು, ಅಲ್ಲೇ ಸಿಕ್ಕಿತು. ಅದರ ಮೇಲಿನ ಮಹಡಿಯಲ್ಲಿ ಒಂದು ಕೋಣೆಯೂ ಸಿಕ್ಕಿತು. ಗಂಡನಿಗೂ ಅವಳೇ ಫೋನ್ ಮಾಡಿ ತಿಳಿಸಿದಳಂತೆ. ಅವನು ಹ್ಞೂ ಎಂದನಂತೆ, ಎಲ್ಲಿದ್ದೀರಿ ಎಂದು ತಾನು ಕೇಳಲಿಲ್ಲ ಎಂದು ಅಮ್ಮನ ಹತ್ತಿರ ಹೇಳಿದಳು.

ಆಟೋದವರೆಗೆ ಹಾಸಿಗೆಯ ಸುರುಳಿ ಹೊತ್ತು ಬಂದವನು ಅಪ್ಪನೇ. ಕೋಣೆಗೆ ದೀಪ, ಫ್ಯಾನು ಸರಿಯಾಗಿದೆಯೋ ಇಲ್ಲವೋ ನಾನೊಮ್ಮೆ ಬಂದು ನೋಡ್ತೀನಿ ಎಂದ. ಸರಿಯಾಗಿದೆ ಎಂದಳು. ಅವನು ನಿಂತೇ ಇದ್ದ. ಆಟೋದವನು ತಿರುಗಿ ನೋಡಿದ. "ಸರಿಯಾಗಿದೆ ಅಂದೆನಲ್ಲಪ್ಪ," ಎಂದಳು ಮತ್ತೊಮ್ಮೆ, ಅವನ ಕಣ್ಣಿಗೆ ಕಣ್ಣಿಟ್ಟು, ಅವನು ಏನು ಹೇಳುತ್ತಾನೋ ಎಂದು ಕಾಯುತ್ತಾ. "ಹಾಗಾದ್ರೆ ಸರಿ," ಎಂದ ಅವನು, ಮತ್ತೇನನ್ನೂ ಕೇಳದೆ ಹಿಂದೆ ಸರಿದ. ಅವಳು ಹೋದದ್ದು ಒಬ್ಬಳೇ.